ತುಕ್ಕನ್ನು ಹಿಡಿದ ರಬ್ಬರು

ರಜಿಯಾ, ಅವತ್ತು ನಿನ್ನ ಗಂಡನ ಲಾರಿಯ ಟೈರಿನಲ್ಲಿ ಗಾಳಿ ಕಡಿಮೆ ಇರಲಿಲ್ಲ. ನಿಮ್ಮಪ್ಪ ಹೊಡೆದ ಗಾಳಿ ಸರಿಯಾಗಿತ್ತು, ನಾನು ಕೂರಿಸಿದ ರಬ್ಬರು ಸರಿಯಾಗಿರಲಿಲ್ಲ. ಇದು ನನಗೆ ಅವತ್ತೇ ಗೊತ್ತಾಯಿತು. ಎಂಟು ವರ್ಷ ಗೊತ್ತಿದ್ದೂ ಸುಮ್ಮನಿದ್ದೆ — ಸುಮ್ಮನಿದ್ದೆ ಅನ್ನುವುದೂ ಪೂರ್ತಿ ನಿಜವಲ್ಲ. ಮೂರು ಸಲ ಬಾಯಿ ಬಿಟ್ಟು ಸುಳ್ಳು ಹೇಳಿದ್ದೇನೆ. ಮೂರನೆಯದನ್ನು ನಿನಗೇ ಹೇಳಿದ್ದು, ಹೋದ ತಿಂಗಳು, ನನ್ನ ಅಂಗಡಿಯ ಮುಂದೆ ನೀನು ನಿಂತಿದ್ದಾಗ.

ಮುಂದೆ ಬರೆಯುವುದರಲ್ಲಿ ಎಷ್ಟೋ ಸಂಗತಿ ನಿನಗೆ ಗೊತ್ತಿರುವಂಥವೇ. ಆದರೂ ಎಲ್ಲ ಬರೆಯುತ್ತೇನೆ. ಈ ಕಾಗದ ನಿನ್ನೊಬ್ಬಳ ಕೈಯಲ್ಲೇ ಉಳಿಯಬೇಕೆಂದೇನಿಲ್ಲ, ಯಾರು ಓದಿದರೂ ಅರ್ಥವಾಗಲಿ. ನಾನು ಕೊಟ್ರೇಶಿ. ಕೊಟ್ಟೂರಿನಲ್ಲಿ ಹರಪನಹಳ್ಳಿ ರಸ್ತೆಗೆ ಟೈರ್ ರೀಸೋಲ್ ಅಂಗಡಿ ಇಟ್ಟವನು; ಸವೆದ ಟೈರಿನ ಮೇಲೆ ಹೊಸ ರಬ್ಬರ್ ಪಟ್ಟಿ ಕೂರಿಸುವ ಕೆಲಸ. ನನ್ನ ಗೋಡೆಗೆ ಗೋಡೆ ಹಚ್ಚಿ ನಿಮ್ಮಪ್ಪ ಹೊನ್ನೂರಸಾಬರ ಪಂಕ್ಚರ್ ಅಂಗಡಿ ಇತ್ತು. ನನ್ನಲ್ಲಿಂದ ಹೊರಟ ಟೈರಿಗೆ ಅವರು ಗಾಳಿ ಹೊಡೆಯುತ್ತಿದ್ದರು, ಅವರಲ್ಲಿಗೆ ಬಂದ ಸವೆದ ಟೈರನ್ನು ನನ್ನ ಕಡೆ ಉರುಳಿಸುತ್ತಿದ್ದರು. ಅವರಿಗೆ ನಾನು ಹೊನ್ನೂರಣ್ಣ ಅನ್ನುತ್ತಿದ್ದೆ, ನಿನಗೆ ತಂಗಿ ಅನ್ನುತ್ತಿದ್ದೆ. ಅಪ್ಪ ಅಣ್ಣನಾದರೆ ಮಗಳು ತಂಗಿ ಹೇಗಾದಾಳು? ವರಸೆ ಕೂಡುವುದಿಲ್ಲ. ನಮ್ಮೂರಿನಲ್ಲಿ ಅದನ್ನು ಯಾರೂ ಕೇಳುವುದೂ ಇಲ್ಲ.

ತಪ್ಪು ಎಲ್ಲಿ ನಡೆಯಿತು ಅನ್ನುವುದು ತಿಳಿಯಬೇಕಾದರೆ ನನ್ನ ಕಸುಬಿನ ಒಂದು ಸಂಗತಿ ನಿನಗೆ ಗೊತ್ತಿರಬೇಕು. ಈಗಿನ ಲಾರಿ ಟೈರಿನೊಳಗೆ ಉಕ್ಕಿನ ತಂತಿಯ ಹಾಸು ಇರುತ್ತದೆ. ಬರೀ ಉಕ್ಕಿಗೆ ರಬ್ಬರು ಅಂಟುವುದಿಲ್ಲ, ಅದಕ್ಕೆ ತಂತಿಯ ಮೈಗೆ ತೆಳ್ಳಗೆ ಹಿತ್ತಾಳೆ ಲೇಪ ಕೊಟ್ಟಿರುತ್ತಾರೆ. ರಬ್ಬರಿನಲ್ಲಿ ಗಂಧಕ ಇರುತ್ತದೆ, ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ. ಬಿಸಿಗೆ ಕೂತಾಗ ಗಂಧಕ ತಾಮ್ರವನ್ನು ಹಿಡಿಯುತ್ತದೆ. ಆ ಹಿಡಿತ ಬಿಡಿಸಲು ಆನೆ ಬಂದರೂ ಆಗದು. ಆದರೆ ನಡುವೆ ತುಕ್ಕು ಬರಬಾರದು. ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಎಲ್ಲ ಲೋಹದ ಮೇಲೂ ಇರುತ್ತದಂತೆ, ಅದರಿಂದ ತೊಂದರೆ ಇಲ್ಲ. ಅದು ನೀರು ಗಾಳಿ ಕುಡಿದು ದಪ್ಪಗಾದರೆ ಕಷ್ಟ. ಹಳೆ ರಬ್ಬರನ್ನು ಮೆಶಿನ್ನಿನಲ್ಲಿ ಹೆರೆಯುವಾಗ ಕಲ್ಲು ಚುಚ್ಚಿದ ಕಡೆ, ಸೀಳಿದ ಕಡೆ ತಂತಿ ಹೊರಗೆ ಬೀಳುತ್ತದೆ. ಅದನ್ನು ಹೊಳೆಯುವ ತನಕ ತಿಕ್ಕಿ, ತಿಕ್ಕಿದ ಗಳಿಗೆಯಲ್ಲೇ ರಬ್ಬರ್ ಸಲ್ಯೂಷನ್ ಬಳಿದು ಮುಚ್ಚಬೇಕು. ಆಮೇಲೆ ಮುಚ್ಚೋಣ, ನಾಳೆ ಮುಚ್ಚೋಣ ಅನ್ನುವ ಮಾತೇ ಇಲ್ಲ.

ನಾನು ಕೆಲಸ ಕಲಿತದ್ದು ದಾವಣಗೆರೆಯಲ್ಲಿ, ಒಬ್ಬ ಮುದುಕ ಮೇಸ್ತ್ರಿಯ ಹತ್ತಿರ. ಒಮ್ಮೆ ನಾನು ತಂತಿ ತಿಕ್ಕಿಟ್ಟು ಊಟಕ್ಕೆ ಹೊರಟಾಗ ಕೈಯಲ್ಲಿದ್ದ ಬ್ರಷ್ಷನ್ನೇ ನನ್ನ ಬೆನ್ನಿಗೆ ಎಸೆದಿದ್ದರು. "ತಂತಿ ಬರೀ ಮೈಯಾಗೆ ಕುಂತೈತೆ, ಕಾಣಲ್ವೇನಲೇ? ಮೊದ್ಲು ಅದುಕ್ಕೆ ಬಟ್ಟೆ ಹಾಕು. ಆಮೇಲೆ ನಿನ್ನ ಊಟ." ತುಕ್ಕು ಇದ್ದರೆ ರಬ್ಬರು ಹಿಡಿಯುವುದೇ ಇಲ್ಲವೇ ಎಂದು ಕೇಳಿದ್ದೆ. "ಹಿಡಿತೈತೆ. ತುಕ್ಕನ್ನ ಹಿಡಿತೈತೆ, ತಂತೀನಲ್ಲ. ಆ ತುಕ್ಕು ಒಂದಿನ ತಂತಿ ಬಿಟ್ಟು ಎದ್ದು ಬತ್ತೈತೆ," ಅಂದಿದ್ದರು. ಇದನ್ನು ನಾನು ಮರೆತಿರಲಿಲ್ಲ. ಮರೆತಿದ್ದರೆ ಇವತ್ತು ಈ ಕಾಗದ ಬರೆಯುವುದು ಸ್ವಲ್ಪ ಸುಲಭವಾಗುತ್ತಿತ್ತು.

ನಿನ್ನ ಗಂಡ ರಫೀಕನ ಟೈರು ಬಂದದ್ದು ದಸರೆಯಲ್ಲಿ. ಮಹಾನವಮಿಯ ಹಿಂದಿನ ಸಂಜೆ ಅದನ್ನು ಮೆಶಿನ್ನಿಗೆ ಏರಿಸಿ ಹೆರೆದೆ. ಒಂದು ಕಡೆ ಅಂಗೈಯಗಲ ತಂತಿ ಹೊರಬಿತ್ತು. ತಿಕ್ಕಿದೆ, ಹೊಸ ಬಳೆಯ ಹಾಗೆ ಹೊಳೆಯಿತು. ಸಲ್ಯೂಷನ್ ಡಬ್ಬಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಅಷ್ಟರಲ್ಲಿ ನನ್ನ ಹೆಂಡತಿ ಕೊಡ, ಪೊರಕೆ ಹಿಡಿದು ಬಂದಳು. ಮರುದಿನ ಆಯುಧಪೂಜೆ, ಅಂಗಡಿ ತೊಳೆಯಬೇಕು. "ಇನ್ನೂ ಮುಗಿದಿಲ್ಲೇನ್ರಿ ನಿಮ್ದು?" ಅಂದಳು. ಮುಗಿಯಿತು ಅಂದೆ. ಮೆಶಿನ್ ನಿಲ್ಲಿಸಿ ಕೊಡ ಇಸಿದುಕೊಂಡೆ. ಬ್ರಷ್ ಅದ್ದಿ ಎರಡು ಸಲ ಎಳೆದಿದ್ದರೆ — ಎರಡೇ ಸಲ. ಅಷ್ಟು ಹೊತ್ತಿನ ಕೆಲಸ ಅದು.

ಮರುದಿನ ಬೆಳಗ್ಗೆ ಸ್ನಾನ ಮಾಡಿ, ತಟ್ಟೆಯಲ್ಲಿ ವಿಭೂತಿ ಕಲಸಿಕೊಂಡು, ಒಂದೊಂದಕ್ಕೂ ಮೂರು ಬೆರಳಿನಿಂದ ಎಳೆಯುತ್ತ ಬಂದೆ. ಸ್ಪ್ಯಾನರ್, ಜಾಕ್, ಹೆರೆಯುವ ಮೆಶಿನ್, ರಬ್ಬರ್ ಬೇಯಿಸುವ ಛೇಂಬರ್. ನಿಮ್ಮಪ್ಪ ಗೋಡೆಯಾಚೆಯಿಂದ ಕೂಗಿದರು: "ಕೊಟ್ರೇಶಿ, ನಮ್ಮ ಕಂಪ್ರೆಸರ್‌ಗೂ ಒಂದೀಟು ಹಚ್ಚಪಾ, ಅದೇನು ಪಾಪ ಮಾಡೇತಿ?" ಪ್ರತಿ ವರ್ಷ ಹಾಗೆಯೇ ಕೂಗುತ್ತಿದ್ದರು, ಪ್ರತಿ ವರ್ಷ ಹೋಗಿ ಹಚ್ಚುತ್ತಿದ್ದೆ. ಅವತ್ತೂ ಹಚ್ಚಿ ಬಂದೆ. ಮೆಶಿನ್ನಿನ ಮೇಲೆ ಟೈರು ಇನ್ನೂ ಕೂತೇ ಇತ್ತು. ಮೆಶಿನ್ನಿಗೆ ಎಳೆದ ಕೈ ಟೈರಿಗೂ ಎಳೆಯಿತು. ಒದ್ದೆ ವಿಭೂತಿ, ಮೂರು ಬೆರಳು, ಸರಿಯಾಗಿ ಆ ಅಂಗೈಯಗಲದ ತಂತಿಯ ಮೇಲೆ. ಹೊಳೆಯುತ್ತಿತ್ತಲ್ಲ, ಅದಕ್ಕೇ ಕೈ ಅಲ್ಲಿಗೆ ಹೋಗಿರಬೇಕು. ಮೇಲೊಂದು ಕುಂಕುಮ ಇಟ್ಟೆ. ಚೆಂಡುಹೂವಿನಿಂದ ತೀರ್ಥ ಚಿಮುಕಿಸಿದೆ. ಕೈಮುಗಿದೆ.

ವಿಜಯದಶಮಿಯ ಬೆಳಗ್ಗೆ ರಫೀಕ್ ಬಂದ. ಚಿಗಟೇರಿಯ ಕಡೆ ಮೆಕ್ಕೆಜೋಳದ ಸುಗ್ಗಿ, ಬಾಡಿಗೆಯ ಮೇಲೆ ಬಾಡಿಗೆ. "ಅಣ್ಣಾ, ಸಂಜಿಗಾದ್ರೂ ಟೈರ್ ಕೊಡ್ರಿ, ಸ್ಟೆಪ್ನಿ ಹಾಕ್ಕೊಂಡು ಓಡಿಸಾಕತ್ತೀನಿ," ಅಂದ. ನೋಡಿದೆ. ವಿಭೂತಿ ಒಣಗಿ ಬಿಳಿಚಿಕೊಂಡಿತ್ತು, ಅದರ ನಡುನಡುವೆ ತಂತಿ ಕಂದಾಗಿತ್ತು. ಕಂದು ಅಂದರೆ ತುಕ್ಕು. ಮತ್ತೆ ತಿಕ್ಕಬೇಕು. ತಿಕ್ಕುವ ಚಕ್ರ ಪೂಜೆಗೆ ಇಟ್ಟದ್ದು. ಸಂಜೆ ಬನ್ನಿ ಮುಡಿಯುವ ತನಕ ಆಯುಧ ಎತ್ತುವ ಹಾಗಿಲ್ಲ. ಇದು ನಮ್ಮಪ್ಪನ ಕಾಲದಿಂದ ನಡೆದು ಬಂದದ್ದು. ನಾಳೆ ಬಾ ಎಂದು ಅವನಿಗೆ ಹೇಳಬಹುದಿತ್ತು. ಹೇಳಿದ್ದರೆ ಅವನು ನಗುತ್ತಲೇ ಹೋಗುತ್ತಿದ್ದ, ನಿನಗೆ ಗೊತ್ತಲ್ಲ ಅವನ ಸ್ವಭಾವ.

ನಾನು ನನ್ನೊಳಗೇ ಒಂದು ಪಂಚಾಯಿತಿ ಮಾಡಿದೆ. ಹಲ್ಲಿರುವುದು ಆಯುಧ — ಚಕ್ರಕ್ಕೆ ಹಲ್ಲಿದೆ, ಎತ್ತಬಾರದು. ಬ್ರಷ್ಷಿಗೆ ಹಲ್ಲಿಲ್ಲ, ಛೇಂಬರಿಗೆ ಹಲ್ಲಿಲ್ಲ, ಅವು ಆಯುಧವಲ್ಲ. ಎಂಥ ಶಾಸ್ತ್ರಿ ನಾನು! ಒಣಬಟ್ಟೆಯಿಂದ ಒರೆಸಿದೆ, ಮೇಲಿನ ಬಿಳುಪು ಹೋಯಿತು, ಸಂದಿನದು ಹೋಗಲಿಲ್ಲ. ತುಕ್ಕಿನ ಮೇಲೆ, ಬೂದಿಯ ಮೇಲೆ ಸಲ್ಯೂಷನ್ ಬಳಿದೆ. ಕಪ್ಪಗೆ ಮಿರಿಮಿರಿ ಹೊಳೆಯಿತು. ಕೆಳಗೆ ಏನಿದೆ ಅನ್ನುವುದು ಇನ್ನು ಯಾರಿಗೂ ಕಾಣದು. ಹೊಸ ಪಟ್ಟಿ ಸುತ್ತಿ ಛೇಂಬರಿಗೆ ಹಾಕಿದೆ. ಸಂಜೆ ರಫೀಕ್ ಬಂದಾಗ ನನ್ನ ಕೈಗೆ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣಣ್ಣ ಅಂದು ಟೈರು ಒಯ್ದ.

ಹನ್ನೊಂದು ದಿನ ಓಡಿತು.

ಹನ್ನೆರಡನೆಯ ದಿನ ಬೆಳಗ್ಗೆ ಚಿಗಟೇರಿಗೆ ಹೊರಟವನು ನಿಮ್ಮಪ್ಪನ ಹತ್ತಿರ ನಿಲ್ಲಿಸಿದ. ಅಳಿಯನ ಲಾರಿ ಅಂದರೆ ನಿಮ್ಮಪ್ಪ ಆರೂ ಗಾಲಿಗೆ ಗಾಳಿ ಅಳೆಯುವ ಗೇಜ್ ಹಚ್ಚದೆ ಕಳಿಸುತ್ತಿರಲಿಲ್ಲ. ಒಮ್ಮೆ ನೋಡುತ್ತಿದ್ದರು, ಉಗುಳು ಹಚ್ಚಿ ವಾಲ್ವ್ ನೋಡುತ್ತಿದ್ದರು, ಮತ್ತೆ ಗೇಜ್ ಹಚ್ಚುತ್ತಿದ್ದರು. ಅವತ್ತು ಅವರ ಕನ್ನಡಕದ ಒಂದು ಗಾಜು ಒಡೆದಿತ್ತು. ನಾನು ಹೊರಗೆ ನಿಂತು ಚಹಾ ಕುಡಿಯುತ್ತಿದ್ದೆ. "ಕೊಟ್ರೇಶಿ, ಇಲ್ಲಿ ಬಾರಪಾ, ಮುಳ್ಳು ಎಲ್ಲೈತಿ ನೋಡು," ಅಂದರು. ಬಗ್ಗಿ ಗೇಜಿನ ಮುಳ್ಳು ನೋಡಿದೆ. ಎಷ್ಟಿರಬೇಕೋ ಅಷ್ಟೇ ಇತ್ತು. ಬರೋಬ್ಬರಿ ಐತಣ್ಣ ಅಂದೆ. ನಾನೇ ರೀಸೋಲ್ ಹಾಕಿದ ಟೈರು ಅದು. ನೋಡಿದವನೂ ನಾನೇ, ಹೇಳಿದವನೂ ನಾನೇ. ಬೇರೆ ಸಾಕ್ಷಿ ಇಲ್ಲ.

ಮಧ್ಯಾಹ್ನ ಸುದ್ದಿ ಬಂತು. ನಾನೂ ನಿಮ್ಮಪ್ಪನೂ ನನ್ನ ಬೈಕಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವರು ನನ್ನ ಭುಜ ಹಿಡಿದಿದ್ದರು. ಲಾರಿ ರಸ್ತೆಯ ಅಂಚಿನಲ್ಲಿ ನೆಟ್ಟಗೆ ನಿಂತಿತ್ತು, ಜೋಳದ ಚೀಲ ಒಂದೂ ಬಿದ್ದಿರಲಿಲ್ಲ. ಹಿಂದಿನ ಗಾಲಿಯ ರಬ್ಬರು ಕಿತ್ತು ಬಡಿಯತೊಡಗಿದಾಗ ರಫೀಕ್ ಸರಿಯಾಗಿಯೇ ನಿಲ್ಲಿಸಿದ್ದ. ಇಳಿದು, ಹಿಂದೆ ಬಂದು, ಜೋತಾಡುತ್ತಿದ್ದ ಪಟ್ಟಿಯನ್ನು ಬಗ್ಗಿ ಎಳೆಯುತ್ತಿದ್ದನಂತೆ. ಹಿಂದಿನಿಂದ ಬಂದ ಟಿಪ್ಪರ್ ಹೊಡೆದು ಹೋಗಿತ್ತು. ನಾವು ಮುಟ್ಟುವ ಹೊತ್ತಿಗೆ ಅವನ ಮೇಲೆ ಯಾರೋ ಟವೆಲ್ ಹೊದಿಸಿದ್ದರು.

ಟಿಪ್ಪರ್ ಹೊಡೆದದ್ದು, ಟೈರಲ್ಲ — ಈ ಮಾತನ್ನು ಎಂಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಪೊಲೀಸರ ಕಾಗದದಲ್ಲೂ ಹಾಗೆಯೇ ಇದೆ. ಆದರೆ ರಬ್ಬರು ಏಳದೇ ಇದ್ದರೆ ಅವನು ಅಲ್ಲಿ ಇಳಿಯುತ್ತಿರಲಿಲ್ಲ, ಬಗ್ಗುತ್ತಿರಲಿಲ್ಲ.

ಕಿತ್ತು ಬಿದ್ದ ಪಟ್ಟಿ ರಸ್ತೆಯ ಪಕ್ಕದಲ್ಲಿ ಹಾವಿನ ಪೊರೆಯ ಹಾಗೆ ಬಿದ್ದಿತ್ತು. ನಿಮ್ಮಪ್ಪ ರಫೀಕನ ಕಡೆ ಹೋದರು, ನಾನು ಪಟ್ಟಿಯ ಕಡೆ ಹೋದೆ. ಇದನ್ನು ಗಮನಿಸು ರಜಿಯಾ, ನಾನು ಮೊದಲು ಪಟ್ಟಿಯ ಕಡೆ ಹೋದೆ. ಮಗುಚಿ ನೋಡಿದೆ. ಉಳಿದ ಕಡೆಯೆಲ್ಲ ರಬ್ಬರು ರಬ್ಬರನ್ನೇ ಹರಿದುಕೊಂಡು ಬಂದು ಒರಟೊರಟಾಗಿತ್ತು, ಅದು ಒಳ್ಳೆಯ ಹಿಡಿತದ ಗುರುತು. ಒಂದು ಜಾಗ ಮಾತ್ರ ಅಂಗೈಯಗಲ ನುಣ್ಣಗಿತ್ತು. ತಂತಿಯ ಗೆರೆಗಳು ಕೆಂಪುಕಂದಾಗಿ ಅಚ್ಚೊತ್ತಿದ್ದವು. ತುಕ್ಕು ರಬ್ಬರಿನ ಜೊತೆ ಎದ್ದು ಬಂದಿತ್ತು. ಆ ಗೆರೆಗಳ ಮೇಲೆ ಅಡ್ಡಡ್ಡ ಮಾಸಲು ಬಿಳಿಯ ಮೂರು ಪಟ್ಟೆ. ನನ್ನ ಉಂಗುರದ ಬೆರಳು ಸ್ವಲ್ಪ ಸೊಟ್ಟ, ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿದ್ದು. ಮೂರನೆಯ ಪಟ್ಟೆಯೂ ಸೊಟ್ಟಗಿತ್ತು.

ಜೇಬಿನ ಚಾಕುವಿನಿಂದ ಅಷ್ಟು ಭಾಗ ಕತ್ತರಿಸಿ ಅಂಗಿಯೊಳಗೆ ಸೇರಿಸಿದೆ. ಯಾರಾದರೂ ಕೇಳಿದ್ದರೆ ನೋಡಲಿಕ್ಕೆ ಒಯ್ಯುತ್ತೇನೆ ಅನ್ನುತ್ತಿದ್ದೆ. ಯಾರೂ ಕೇಳಲಿಲ್ಲ. ಅದನ್ನು ಮರುದಿನ ಒಲೆಗೆ ಹಾಕಿದೆ, ಕೆಟ್ಟ ಹೊಗೆ ಬಂತು, ಹೆಂಡತಿ ಬೈದಳು.

ಅವತ್ತು ನಾನು ಪಟ್ಟಿ ಕತ್ತರಿಸಿ ಏಳುವಷ್ಟರಲ್ಲಿ ರಸ್ತೆಯಲ್ಲಿ ಜನ ಸೇರಿದರು. ಕೊಟ್ಟೂರಿನ ಲಾರಿಯವರು, ಚಿಗಟೇರಿಯ ಹಮಾಲರು. ಒಬ್ಬರು ಕೇಳಿದರು: "ಏನ್ ಕೊಟ್ರೇಶಪ್ಪ, ನಿಂದೇ ರೀಸೋಲ್ ಅಲ್ಲೇನು? ಹಿಂಗ್ಯಾಕ ಕಿತ್ತೈತಿ?" ಎಲ್ಲರೂ ನನ್ನ ಮುಖ ನೋಡಿದರು. ಉತ್ತರ ಮೊದಲೇ ಬಾಯಲ್ಲಿ ಸಿದ್ಧವಾಗಿತ್ತು ಅನ್ನಿಸುತ್ತದೆ, ನಾಲಿಗೆ ತಡವರಿಸಲೂ ಇಲ್ಲ.

"ಗಾಳಿ ಕಮ್ಮಿ ಇತ್ತು ಕಾಣ್ತತಿ ನೋಡ್ರಿ. ಗಾಳಿ ಕಮ್ಮಿ ಆದ್ರ ಟೈರ್ ಕಾದು ರಬ್ಬರ್ ಏಳ್ತತಿ."

ಎರಡನೆಯ ಮಾತು ಸುಳ್ಳಲ್ಲ. ಗಾಳಿ ಕಡಿಮೆಯಾದರೆ ಟೈರು ಕಾಯುತ್ತದೆ, ಕಾದರೆ ರಬ್ಬರು ಏಳುತ್ತದೆ, ಇದು ಎಲ್ಲ ಡ್ರೈವರಿಗೂ ಗೊತ್ತು. ಅದಕ್ಕೇ ಎಲ್ಲರೂ ತಲೆಯಾಡಿಸಿದರು. ನಾನು ಯಾರ ಹೆಸರನ್ನೂ ಎತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ. ಬೆಳಗ್ಗೆ ಗಾಳಿ ಹೊಡೆದವರು ಯಾರು ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವರು ಹತ್ತು ಮಾರು ದೂರದಲ್ಲಿ ಅಳಿಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಇಲ್ಲಿ ನಾನು ಅತ್ತೆ ಎಂದು ಬರೆಯಬೇಕು. ಅಳಲಿಲ್ಲ. ರಾತ್ರಿ ಅನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಬೇಕು. ಇಳಿಯಿತು, ಎರಡು ರೊಟ್ಟಿ ತಿಂದೆ. ನನಗೆ ಏನೂ ಆಗಲಿಲ್ಲ. ಕೈಗೆ ಸೂಜಿಮದ್ದು ಕೊಟ್ಟ ಮೇಲೆ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ ಇತ್ತು. ಅದು ಇಳಿದ ಮೇಲೆ ನೋವು ಶುರುವಾಗುತ್ತದೆಂದು ಕಾದೆ. ಎಂಟು ವರ್ಷ — ಇಳಿಯಲೇ ಇಲ್ಲ.

ಎರಡನೆಯ ಸುಳ್ಳು ನಿಮ್ಮಪ್ಪನಿಗೆ ಹೇಳಿದ್ದು. ರಫೀಕನಿಗೆ ಮಣ್ಣು ಕೊಟ್ಟು ಮೂರು ದಿನ ಕಳೆದಿತ್ತು. ಅಂಗಡಿಗೆ ಬಂದು ನನ್ನ ಎದುರು ಟೈರಿನ ಮೇಲೆ ಕೂತರು. ಗಡ್ಡ ಬೆಳೆದಿತ್ತು. ಕನ್ನಡಕದ ಒಡೆದ ಗಾಜು ಹಾಗೆಯೇ ಇತ್ತು.

"ಕೊಟ್ರೇಶಿ, ಅವತ್ತು ನಾನು ಗೇಜ್ ಹಚ್ಚಿದ್ನೇನಪಾ?"

"ಹಚ್ಚಿರಬೇಕಣ್ಣ."

"ಹಚ್ಚಿದಂಗ ನೆಪ್ಪೈತಿ. ನಿನ್ನ ಕರದು ತೋರಿಸಿದಂಗೂ ನೆಪ್ಪೈತಿ. ಖರೆ ಅಂದ್ರ ದಿನಾ ಹಚ್ತೀನಿ, ದಿನಾ ಕರೀತೀನಿ. ಅದು ಯಾ ದಿನದ್ದೋ ಏನೋ... ನೀ ನೋಡಿದಿ ಹೌದಿಲ್ಲೋ? ಮುಳ್ಳು ಎಲ್ಲಿತ್ತು?"

ಅವರು ನನ್ನ ಮೇಲೆ ಅನುಮಾನಪಟ್ಟು ಬಂದಿರಲಿಲ್ಲ. ಅವರದೇ ನೆನಪಿನ ಮೇಲೆ ಅನುಮಾನಪಟ್ಟು, ನನ್ನ ನೆನಪನ್ನು ಕೇಳಲು ಬಂದಿದ್ದರು. ಹೌದು ಅಂದಿದ್ದರೆ ಸಾಕಿತ್ತು. ತುಕ್ಕಿನ ಮಾತು, ವಿಭೂತಿಯ ಮಾತು ಯಾವುದೂ ಬೇಡ. ಬರೀ ಹೌದು. ಹೌದು ಅಂದರೆ ಅವರು ಮುಂದಿನ ಪ್ರಶ್ನೆ ಕೇಳುತ್ತಿದ್ದರು: ಹಾಗಾದರೆ ರಬ್ಬರು ಯಾಕೆ ಎದ್ದಿತು?

"ನೆಪ್ಪಿಲ್ಲಣ್ಣ," ಅಂದೆ.

ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, "ಕಮ್ಮಿ ಇದ್ದಿರಬೇಕಪಾ. ಕಣ್ಣು ಕೈ ಕೊಟ್ಟಾವು. ನೀನು ನಾಕು ಮಂದ್ಯಾಗ ನನ್ನ ಹೆಸರು ತಗೀಲಿಲ್ಲ. ಅಷ್ಟು ಸಾಕು," ಅಂದರು. ನನ್ನ ಉಪಕಾರ ಸ್ಮರಿಸಿ ಎದ್ದು ಹೋದರು.

ಆಮೇಲಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನಿಮ್ಮ ಕೈಲಿಂದ ನನಗ ನೀರೂ ಬ್ಯಾಡ ಎಂದು ನಿಮ್ಮಪ್ಪನಿಗೆ ಅಂದೆಯಂತೆ, ಹೆಂಗಸರೆಲ್ಲ ಕೂತಿದ್ದಾಗ. ಅವರೇ ನನಗೆ ಹೇಳಿದರು, ದೂರಿನ ಹಾಗಲ್ಲ, ಮಗಳು ಹೇಳಿದ್ದು ಸರಿಯೇ ಇದೆ ಅನ್ನುವ ಹಾಗೆ. ನೀನು ಬೊಮ್ಮನಹಳ್ಳಿಯ ಅತ್ತೆಯ ಮನೆಯಲ್ಲೇ ಉಳಿದೆ. ಹೊಲಿಗೆ ಮೆಶಿನ್ ಇಟ್ಟುಕೊಂಡು ಬದುಕು ನಡೆಸಿದೆ. ಹಬ್ಬಕ್ಕೂ ತವರಿಗೆ ಬರಲಿಲ್ಲ. ಇಲ್ಲಿ ಲಾರಿಯವರು ನಿಮ್ಮಪ್ಪನ ಅಂಗಡಿ ದಾಟಿ ಮುಂದೆ ಹೋಗಿ ಗಾಳಿ ಹೊಡೆಸತೊಡಗಿದರು. ಯಾರೂ ಎದುರಿಗೆ ಏನೂ ಅನ್ನಲಿಲ್ಲ. ನಿಲ್ಲಿಸಿದ ಒಬ್ಬಿಬ್ಬರೂ ಅವರು ಗೇಜ್ ಹಚ್ಚಿದ ಮೇಲೆ ತಾವೂ ಒಮ್ಮೆ ಬಗ್ಗಿ ನೋಡುತ್ತಿದ್ದರು. ಅದನ್ನು ನಿಮ್ಮಪ್ಪ ನೋಡುತ್ತಿದ್ದರು. ನಾನು ಗೋಡೆಯ ಈಚೆಯಿಂದ ಇಬ್ಬರನ್ನೂ ನೋಡುತ್ತಿದ್ದೆ.

ಒಂದು ವರ್ಷಕ್ಕೆ ಅಂಗಡಿ ಮುಚ್ಚಿ ಗುಡೇಕೋಟೆಗೆ, ಅವರ ತಂಗಿಯ ಮನೆಗೆ ಹೋದರು. ಅಲ್ಲಿ ತಂಗಿಯ ಆಡು ಮೇಯಿಸಿಕೊಂಡಿದ್ದಾರೆ. ನಲವತ್ತು ವರ್ಷ ಗಾಲಿಯ ನಡುವೆ ಬದುಕಿದ ಮನುಷ್ಯ ಈಗ ಸೈಕಲ್ಲಿಗೂ ಗಾಳಿ ಹಾಕುವುದಿಲ್ಲವಂತೆ. ಹೋಗುವಾಗ ಕಂಪ್ರೆಸರನ್ನು ನನಗೇ ಕೊಟ್ಟು ಹೋದರು. ನಾನು ತೆಗೆದುಕೊಂಡೆ. ಈಗ ನನ್ನ ಅಂಗಡಿಯಲ್ಲಿ ಗಾಳಿಯನ್ನೂ ನಾನೇ ಹೊಡೆಯುತ್ತೇನೆ, ದಸರೆಗೆ ಅದಕ್ಕೂ ವಿಭೂತಿ ಹಚ್ಚುತ್ತೇನೆ. ಆ ವರ್ಷದ ಮೇಲೆ ಒಂದು ದಿನವೂ ತಂತಿಯನ್ನು ಬರೀ ಮೈಯಲ್ಲಿ ಬಿಟ್ಟಿಲ್ಲ. ಕೆಲಸದಲ್ಲಿ ಬಹಳ ಶಿಸ್ತಿನ ಮನುಷ್ಯ ಎಂದು ನನಗೆ ಹರಪನಹಳ್ಳಿಯ ತನಕ ಹೆಸರಿದೆ.

ಹೋದ ತಿಂಗಳು ನೀನು ಬಂದೆ. ನಾನು ಗುರುತೇ ಹಿಡಿಯಲಿಲ್ಲ, ಅಷ್ಟು ಬಡವಾಗಿದ್ದೀಯ. ಅಪ್ಪನಿಗೆ ಎದೆನೋವು ಬಂದು ಮಲಗಿದ್ದಾರೆ, ಹೋಗಬೇಕೋ ಬೇಡವೋ ತಿಳಿಯುತ್ತಿಲ್ಲ ಎಂದು ಹೇಳಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತೆ. ಆಮೇಲೆ ಕೇಳಿದೆ:

"ಅಣ್ಣಾ, ಒಂದು ಮಾತು ಖರೆ ಹೇಳು. ಅವತ್ತು ಗಾಳಿ ಎಷ್ಟು ಕಮ್ಮಿ ಇತ್ತು? ಭಾಳ ಕಮ್ಮಿ ಇತ್ತಾ, ಒಂದೀಟು ಕಮ್ಮಿ ಇತ್ತಾ?"

ನಿನ್ನ ಮುಖದಲ್ಲಿ ನನಗೆ ಕಂಡದ್ದು ಏನು ಅನ್ನುವುದನ್ನು ಹೇಳಿಬಿಡುತ್ತೇನೆ. ಒಂದೀಟು ಎಂಬ ಮಾತು ಕೇಳಿದರೆ ಸಾಕು, ಓಡಿ ಗುಡೇಕೋಟೆಯ ಬಸ್ಸು ಹತ್ತುತ್ತೀಯ ಎಂದು ಕಂಡಿತು. ನಾನು ನಿಜ ಹೇಳಿದ್ದರೂ ನೀನು ಓಡುತ್ತಿದ್ದೆ, ಇನ್ನೂ ಜೋರಾಗಿ ಓಡುತ್ತಿದ್ದೆ. ನನಗೆ ಅದೂ ಕಂಡಿತು. ಆದರೂ —

"ಒಂದೀಟು, ತಂಗಿ. ಒಂದೇ ಒಂದೀಟು," ಅಂದೆ. ದೊಡ್ಡ ಔದಾರ್ಯ ಮಾಡಿದವನ ಹಾಗೆ ಅಂದೆ.

ನೀನು ಅಲ್ಲೇ ಕೂತು ಅತ್ತೆ. "ಒಂದೀಟು ಅಂದ್ರ ಯಾರಿಗಾದ್ರೂ ಆಗ್ತತಿ ಅಲ್ಲೇನಣ್ಣ? ವಯಸ್ಸಾದ ಕಣ್ಣು..." ಅಂದೆ. ನಾನು ಹೌದು ಹೌದು ಅಂದೆ. ನೀರು ತಂದುಕೊಟ್ಟೆ, ನೀನು ಕುಡಿದೆ. ಬಸ್ಸು ಹತ್ತಿಸಿ ಬಂದೆ.

ನಾಲ್ಕು ದಿನದ ಮೇಲೆ ನಿಮ್ಮಪ್ಪ ಫೋನ್ ಮಾಡಿದರು. ದನಿ ಸೋತಿತ್ತು, ಆದರೆ ನಗುತ್ತಿದ್ದರು. "ಕೊಟ್ರೇಶಿ, ರಜಿಯಾ ಬಂದಾಳಪಾ. ಇಲ್ಲೇ ಅದಾಳ. ತನ್ನ ಕೈಲೆ ಗಂಜಿ ಕುಡಿಸಿದ್ಲು. ಮಾಫ್ ಮಾಡೀನಿ ಅಬ್ಬಾ, ನೀವು ಬೇಕಂತ ಮಾಡಿಲ್ಲ ಅಂದ್ಲು. ಹೌದವ್ವ, ನನ್ನ ತಪ್ಪಾತು ಅಂತ ಆಕಿ ಕೈ ಹಿಡಕೊಂಡೆ. ನೀ ಏನೋ ಹೇಳಿದ್ಯಂತಲ್ಲ ಆಕಿಗೆ. ನಿನ್ನ ಉಪಕಾರ ಮರಿಯಂಗಿಲ್ಲ." ನಾನು ಆರಾಮ್ ಆಗ್ರಿ ಅಣ್ಣ ಅಂದೆ. ಫೋನ್ ಇಟ್ಟು, ಅರ್ಧಕ್ಕೆ ಬಿಟ್ಟ ಟೈರನ್ನು ಹೆರೆಯಲು ಹೋದೆ. ಮೆಶಿನ್ ಶುರು ಮಾಡಿದೆ, ಟೈರು ತಿರುಗುತ್ತಿತ್ತು, ನಾನು ಸುಮ್ಮನೆ ನಿಂತಿದ್ದೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಹೆಂಡತಿ ಬಂದು ಸ್ವಿಚ್ ಆರಿಸಿದಳು.

ಅವಳಿಗೆ ಮೊದಲು ಹೇಳಿದೆ. ಪೂರ್ತಿ ಕೇಳಿ, "ಈಗ ಅಪ್ಪ ಮಗಳು ಒಂದಾಗ್ಯಾರ. ಇನ್ಯಾಕ ಕೆದರ್ತೀರಿ?" ಅಂದಳು. ನಾನು ಯೋಚಿಸದೆ ಇದ್ದ ಮಾತೇನಲ್ಲ ಅದು. ಒಂದಾಗಿದ್ದಾರೆ, ಸುಮ್ಮನೆ ಬಿಟ್ಟರೆ ಹಾಗೆಯೇ ಇರುತ್ತಾರೆ, ನನಗೂ ಹೆಸರು ಉಳಿಯುತ್ತದೆ. ಆದರೆ ಏನನ್ನು ಹಿಡಿದು ಒಂದಾದಿರಿ ನೀವು? ಅವರು ಮಾಡದ ತಪ್ಪನ್ನು ಅವರು ಒಪ್ಪಿಕೊಂಡು, ನೀನು ಅದನ್ನು ಕ್ಷಮಿಸಿ — ನಡುವೆ ಕೂತಿರುವುದು ನನ್ನ ಸುಳ್ಳು. ನನ್ನ ಕಸುಬಿನವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಹೊರಗಿನಿಂದ ಎಷ್ಟು ಗಟ್ಟಿ ಕಂಡರೂ ನನಗೆ ನಂಬಿಕೆ ಇಲ್ಲ.

ನನ್ನ ಮನಸ್ಸು ಹಗುರಾಗಲಿ ಎಂದು ಇದನ್ನು ಬರೆಯುತ್ತಿಲ್ಲ. ಇಷ್ಟು ಬರೆದ ಮೇಲೂ ಹಗುರಾಗಿಲ್ಲ, ಮೊದಲಿನ ಹಾಗೆಯೇ ಇದೆ, ಜೋಮು ಹಿಡಿದ ಹಾಗೆ. ಶುಕ್ರವಾರ ಬೆಳಗಿನ ಬಸ್ಸಿಗೆ ಗುಡೇಕೋಟೆಗೆ ಬರುತ್ತೇನೆ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವ ತನಕ ಅಂಗಳದಲ್ಲಿ ನಿಂತಿರುತ್ತೇನೆ. ಒಳಗೆ ಕರೆದರೆ ನಿಮ್ಮಪ್ಪನ ಎದುರು ಕೂತು ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಕರೆಯದಿದ್ದರೆ ಹೊರಗಿನಿಂದಲೇ ಹೇಳುತ್ತೇನೆ. ಅಲ್ಲಿಂದ ಬಂದು ನಮ್ಮ ಲಾರಿ ಸ್ಟ್ಯಾಂಡಿನಲ್ಲಿ, ಅವತ್ತು ತಲೆಯಾಡಿಸಿದವರಲ್ಲಿ ಇನ್ನೂ ಇರುವವರ ಮುಂದೆ, ಹೊನ್ನೂರಸಾಬರ ಹೆಸರು ಹಿಡಿದು ಹೇಳುತ್ತೇನೆ. ಆಮೇಲೆ ಲಾರಿಯವರು ನನ್ನ ಅಂಗಡಿ ದಾಟಿ ಮುಂದೆ ಹೋಗುವುದಾದರೆ ಹೋಗಲಿ.

ನಿನ್ನ ಹತ್ತಿರ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯೇನೋ ಎಂಬ ಹೆದರಿಕೆ ಇದೆ. ಒಂದೇ ಒಂದು ಮಾತು ನಡೆಸಿಕೊಡು ತಂಗಿ. ನಿಮ್ಮಪ್ಪನಿಗೆ ಕೊಟ್ಟ ಮಾಫಿಯನ್ನು ವಾಪಸ್ ತೆಗೆದುಕೋ. ಅವರು ಏನೂ ಮಾಡಿಲ್ಲ.